ಉಕ್ಕನ್ನೂ ಹೆರೆಯಬಹುದು: ಕತ್ತಿಯ ಗ್ರೂವ್ ಮತ್ತು ಅದನ್ನು ತೋಡುವ ಸೆನ್

ಕತ್ತಿಯ ಮೈಮೇಲೆ ಉದ್ದಕ್ಕೂ ಒಂದು ಗ್ರೂವ್, ಅಂದರೆ ಕಾಲುವೆಯಂಥ ತಗ್ಗು, ಇರುತ್ತದಲ್ಲ, ಅದನ್ನು ನೋಡಿದವರೆಲ್ಲ ಹೇಳುವುದು ಒಂದೇ ಮಾತು, ರಕ್ತ ಹರಿದು ಹೋಗಲಿ ಅಂತ ಮಾಡಿದ್ದು. ಅಲ್ಲ. ತೂಕ ಇಳಿಸಲು ಮಾಡಿದ್ದು. ಆ ವಿಷಯ ಇಲ್ಲಿಗೇ ಸಾಕು, ನನಗೆ ಆಸಕ್ತಿ ಇರುವುದು ಅದನ್ನು ಕೈಯಲ್ಲಿ ತೋಡುವುದು ಹೇಗೆ ಅನ್ನುವುದರಲ್ಲಿ.

ನಾನು ಕತ್ತಿ ಮಾಡುವವನಲ್ಲ. ಬೆಂಗಳೂರಿನ ಪೀಣ್ಯದ ಟೂಲ್‌ರೂಮ್‌ಗಳಲ್ಲಿ ಫಿಟ್ಟರ್ ಆಗಿದ್ದವನು. ಲೇತ್ ಯಂತ್ರದ ಬೆಡ್‌ಗೆ (ತಳದ ಹಾಸಿಗೆ) ನೀಲಿ ಬಣ್ಣ ಹಚ್ಚಿ, ಮಟ್ಟದ ಪಟ್ಟಿ ಉಜ್ಜಿ ಎಲ್ಲಿ ಎದ್ದಿದೆ ಅಂತ ನೋಡಿ, ಆ ಜಾಗವನ್ನಷ್ಟೇ ಸ್ಕ್ರೇಪರ್‌ನಿಂದ ಹೆರೆದು ಹೆರೆದು ಮಟ್ಟ ಮಾಡುವುದು ನನ್ನ ಕಸುಬು. ಹಾಗಾಗಿ ಜಪಾನಿನ ಕತ್ತಿ ಕಮ್ಮಾರರು ಗ್ರೂವ್ ತೋಡುವುದನ್ನು ಮೊದಲ ಸಲ ವಿಡಿಯೋದಲ್ಲಿ ನೋಡಿದಾಗ ಎದ್ದು ಕೂತೆ. ಇದು ನಮ್ಮ ಸ್ಕ್ರೇಪರ್ ಕೆಲಸವೇ ಅಲ್ವಾ!

ಅವರ ಉಪಕರಣದ ಹೆಸರು ಸೆನ್. ಎರಡೂ ತುದಿಗೆ ಹಿಡಿ, ನಡುವೆ ಗಡಸು ಉಕ್ಕಿನ ಅಲಗು. ಬಡಿದು ರೂಪಕ್ಕೆ ತಂದ ಕತ್ತಿಯ ಮೈಯನ್ನು, ಕಾಯಿಸಿ ನೀರಿಗೆ ಅದ್ದಿ ಗಡಸು ಮಾಡುವ ಮೊದಲು, ಇದರಿಂದ ಹೆರೆದು ಹಸನು ಮಾಡುತ್ತಾರೆ. ಗ್ರೂವ್‌ಗೆ ಬೇಕಾದ್ದು ಇದರದೇ ಚಿಕ್ಕ ಜಾತಿ, ಹೆರೆಯುವ ಅಂಚು ಮಾತ್ರ ನೆಟ್ಟಗಿರದೆ ಗ್ರೂವ್‌ನ ಆಕಾರಕ್ಕೆ ದುಂಡಗಿರುತ್ತದೆ. ಗ್ರೂವ್‌ಗೆ ಜಪಾನಿಯಲ್ಲಿ ‘ಹಿ’ ಅನ್ನುತ್ತಾರೆ. ಸೂರಿನ ಮಳೆನೀರು ಹರಿಸುವ ದೋಣಿಗೂ ಬರೆಯುವುದು ಅದೇ ಅಕ್ಷರ. ಮಲೆನಾಡಿನವರು ಅಡಿಕೆ ದಂಬೆ ನೆನಪಿಸಿಕೊಂಡರೆ ಆಕಾರ ತಾನಾಗಿ ಕಣ್ಣಿಗೆ ಬರುತ್ತದೆ.

ಯುರೋಪಿನ ದಾರಿ ಬೇರೆ. ಅಲ್ಲಿ ಕಾದ ಉಕ್ಕನ್ನು ಮೇಲೊಂದು ಕೆಳಗೊಂದು ದುಂಡು ಮೂತಿಯ ಅಚ್ಚಿನ ನಡುವೆ ಇಟ್ಟು ಸುತ್ತಿಗೆಯಲ್ಲಿ ಬಡಿದು ತಗ್ಗು ಮಾಡುವ ಪದ್ಧತಿ ಇತ್ತು. ಆ ಅಚ್ಚಿನ ಹೆಸರು ಫುಲ್ಲರ್, ಗ್ರೂವ್‌ಗೂ ಅದೇ ಹೆಸರು ಅಂಟಿಕೊಂಡಿತು. ಬಡಿದರೆ ಉಕ್ಕು ಕಳೆದುಹೋಗುವುದಿಲ್ಲ, ಪಕ್ಕಕ್ಕೆ ಸರಿದು ಅಲಗು ಅಗಲವಾಗುತ್ತದೆ. ಹೆರೆದರೆ ಹೋದದ್ದು ಹೋಯಿತು.

ಸರಿ, ಹೆರೆಯುವುದು ಹೇಗೆ? ಮೊದಲು ಗೆರೆ. ಕತ್ತಿಯ ಬೆನ್ನು ಬಾಗಿರುವುದರಿಂದ ಸ್ಕೇಲ್ ಇಟ್ಟು ಎಳೆಯಲು ಆಗುವುದಿಲ್ಲ, ಗೆರೆ ಬೆನ್ನನ್ನೇ ಹಿಂಬಾಲಿಸಬೇಕು. ಈಗಿನ ಹವ್ಯಾಸಿಗಳು ಒಂದು ಸುಲಭದ ಉಪಾಯ ಮಾಡುತ್ತಾರೆ: ಒಂದು ದಪ್ಪ ಪಟ್ಟಿಗೆ ಸಣ್ಣ ಟೂಲ್ ಬಿಟ್ (ಲೋಹ ಹೆರೆಯುವ ಗಡಸು ತುಂಡು) ಸಿಕ್ಕಿಸಿ, ಪಕ್ಕದಲ್ಲಿ ಒಂದು ತಡೆ ಕೂರಿಸಿ, ಆ ತಡೆ ಬೆನ್ನಿಗೆ ತಾಗಿಕೊಂಡೇ ಜಾರುವ ಹಾಗೆ ಎರಡೂ ಕೈಯಲ್ಲಿ ಎಳೆಯುತ್ತಾರೆ. ಬಡಗಿಯ ಗೀಟು ಹಾಕುವ ಸಾಧನ ನೋಡಿದ್ದರೆ ಅದೇ ಕ್ರಮ. ಹೀಗೆ ಒಂದು ಸಣ್ಣ ಜಾಡು ಬಿದ್ದರೆ ಅರ್ಧ ಗೆದ್ದ ಹಾಗೆ, ಆಮೇಲೆ ಉಪಕರಣ ಆ ಜಾಡಿನಲ್ಲೇ ಓಡುತ್ತದೆ. ಆದರೆ ಮೊದಲ ಹತ್ತು ಎಳೆತದಲ್ಲಿ ಜಾಡು ಸೊಟ್ಟಗಾದರೆ ಕೊನೆಯವರೆಗೂ ಸೊಟ್ಟವೇ. ಇಲ್ಲಿ ಅವಸರ ಮಾಡಬಾರದು.

ಹೆರೆಯುವ ಅಂಚಿನ ಬಗ್ಗೆ ಜನ ತಪ್ಪು ತಿಳಿದಿರುತ್ತಾರೆ. ಚಾಕುವಿನ ಹಾಗೆ ಚೂಪಾಗಿರಬೇಕು ಅಂದುಕೊಳ್ಳುತ್ತಾರೆ. ಚೂಪಾದ ಅಂಚು ಉಕ್ಕಿಗೆ ಕಚ್ಚಿ ಹಿಡಿದು ಮುರಿಯುತ್ತದೆ. ಬೇಕಿರುವುದು ಸುಮಾರು 90 ಡಿಗ್ರಿಯ ಮೂಲೆ, ಕಲ್ಲಿನ ಮೇಲೆ ನಯವಾಗಿ ಉಜ್ಜಿ ತೆಗೆದ ಮೂಲೆ. ಅದನ್ನು ಹೋಗುವ ದಿಕ್ಕಿಗೆ ತುಸು ಬಾಗಿಸಿ ಒತ್ತಿ ಎಳೆದರೆ ಕೂದಲಿನಂಥ ಸುರುಳಿ ಏಳುತ್ತದೆ. ಸುರುಳಿ ಬಂದರೆ ಸರಿ, ಪುಡಿ ಬಂದರೆ ಅಂಚು ಮೊಂಡಾಗಿದೆ ಅಂತ ಅರ್ಥ. ಒಂದು ಎಳೆತಕ್ಕೆ 0.02 ಮಿ.ಮೀ. ಹೋದರೆ ದೊಡ್ಡದು. 1.5 ಮಿ.ಮೀ. ಆಳಕ್ಕೆ 75 ಪದರ, 60 ಸೆಂ.ಮೀ. ಉದ್ದವನ್ನು ಒಂದೇ ಉಸಿರಿಗೆ ಎಳೆಯಲು ಆಗದೆ ಐದು ತುಂಡಾಗಿ ಎಳೆದರೆ ಒಂದು ಮಗ್ಗುಲಿಗೆ 375 ಎಳೆತ. ಲೆಕ್ಕದಲ್ಲಿ ಅಷ್ಟು, ಕೈಯಲ್ಲಿ ಅದರ ದುಪ್ಪಟ್ಟು!

ನಾನು ಇದನ್ನು ಮಾಡಿ ನೋಡಿದ್ದು ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯ ಮೇಲೆ. (ನಮ್ಮಲ್ಲಿ ಕತ್ತಿ ತಯಾರಿಸಲು ಲೈಸೆನ್ಸ್ ಬೇಕು, ಸುಮ್ನೆ ಯಾಕೆ ತಲೆನೋವು. ಪಟ್ಟಿ ಪಟ್ಟಿಯಾಗಿಯೇ ಉಳಿಯಿತು.) ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು, ರಾತ್ರಿಯಿಡೀ ತಣಿಯಲು ಬಿಟ್ಟು ಮೆದು ಮಾಡಿಕೊಂಡೆ. ಹಳೇ ಅರವೊಂದರ ಹಲ್ಲು ಸವೆಸಿ ತುದಿ ದುಂಡು ಮಾಡಿ ಸ್ಕ್ರೇಪರ್ ಮಾಡಿದೆ. ಮೊದಲನೆಯದು ಗ್ರೈಂಡರ್‌ನಲ್ಲಿ ಸುಟ್ಟು ನೀಲಿಯಾಯಿತು, ಅಂದರೆ ಗಡಸು ಹೋಯಿತು, ಮೂವತ್ತು ವರ್ಷದ ಅನುಭವಕ್ಕೆ ನಾಚಿಕೆ. ಎರಡನೆಯದನ್ನು ಘಳಿಗೆಗೊಮ್ಮೆ ನೀರಿಗೆ ಅದ್ದಿ ಅದ್ದಿ ಮಾಡಿದೆ. ಅದು ಚೆನ್ನಾಗಿ ಹೆರೆಯಿತು. ಒಂದು ಗಂಟೆ ಹೊತ್ತು. ಆಮೇಲೆ ಕಿರ್ರ್ ಅಂತ ಕುಣಿಯಲು ಶುರು.

ಈ ಕುಣಿತವೇ ದೊಡ್ಡ ಶತ್ರು. ಒಂದು ಸಲ ಉಪಕರಣ ನಡುಗಿದರೆ ತಳದಲ್ಲಿ ಅಡ್ಡಡ್ಡ ಅಲೆ ಮೂಡುತ್ತದೆ. ಮುಂದಿನ ಎಳೆತದಲ್ಲಿ ಅಂಚು ಅದೇ ಹಳ್ಳಕ್ಕೆ ಬಿದ್ದು, ಅದೇ ದಿಣ್ಣೆಗೆ ಎಗರಿ ಅಲೆಯನ್ನು ಇನ್ನೂ ಆಳ ಮಾಡುತ್ತದೆ, ಮಣ್ಣಿನ ರಸ್ತೆಯಲ್ಲಿ ಬಸ್ಸು ಓಡಿ ಓಡಿ ಅಲೆ ಬೀಳುವುದಿಲ್ಲವೇ, ಹಾಗೆ. ಜಾಸ್ತಿ ಒತ್ತಿದರೆ ಸರಿಹೋಗುತ್ತದೆ ಅಂತ ಕೈ ಹೇಳುತ್ತದೆ, ಕೇಳಬೇಡಿ. ಉಪಕರಣವನ್ನು ತುಸು ಓರೆ ತಿರುಗಿಸಿ, ಒತ್ತಡ ಇಳಿಸಿ, ಎಳೆತದ ಉದ್ದ ಬದಲಿಸಿ. ಅಂಚು ಹಿಡಿಯಿಂದ ಹೊರಗೆ ಎಷ್ಟು ಕಡಿಮೆ ಚಾಚಿದರೆ ಅಷ್ಟು ಒಳ್ಳೆಯದು.

ಎರಡು ಮಗ್ಗುಲೂ ಒಂದೇ ಆಳ ಇರಬೇಕು ಅನ್ನುವುದು ಅಂದಕ್ಕಲ್ಲ. ಕಾಯಿಸಿ ನೀರಿಗೆ ಅದ್ದುವಾಗ ಒಂದು ಕಡೆ ದಪ್ಪ ಒಂದು ಕಡೆ ತೆಳು ಇದ್ದರೆ ಅಲಗು ಪಕ್ಕಕ್ಕೆ ವಾಲುತ್ತದೆ. ಅದಕ್ಕೇ ಕೆಲವು ಕಮ್ಮಾರರು ಗ್ರೂವ್ ಅನ್ನು ಅದ್ದಿದ ಮೇಲೆ ತೋಡುತ್ತಾರೆ. ಗಡಸಾದ ಮೇಲೆ ಹೆರೆಯಲು ಆಗುತ್ತದಾ? ಆಗುತ್ತದೆ. ಜಪಾನಿ ಪದ್ಧತಿಯಲ್ಲಿ ಅದ್ದುವ ಮೊದಲು ಮಣ್ಣು ಮೆತ್ತುತ್ತಾರೆ, ಹರಿತದ ಕಡೆ ತೆಳುವಾಗಿ, ಬೆನ್ನಿನ ಕಡೆ ದಪ್ಪವಾಗಿ. ಮಣ್ಣು ದಪ್ಪಗಿದ್ದ ಕಡೆ ನಿಧಾನ ತಣಿದು ಮೆದುವಾಗಿಯೇ ಉಳಿಯುತ್ತದೆ, ಗ್ರೂವ್ ಬರುವುದೂ ಬೆನ್ನಿನ ಪಕ್ಕದಲ್ಲೇ.

ಇಷ್ಟೆಲ್ಲ ಮಾಡಿ ಎಷ್ಟು ತೂಕ ಇಳಿಯುತ್ತದೆ? 10 ಮಿ.ಮೀ. ಅಗಲ, 1.5 ಮಿ.ಮೀ. ಆಳ, 60 ಸೆಂ.ಮೀ. ಉದ್ದಕ್ಕೆ ಮಗ್ಗುಲಿಗೆ ಸುಮಾರು 47 ಗ್ರಾಂ, ಎರಡೂ ಸೇರಿ 94. ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಗ್ರೂವ್‌ನಿಂದ ಕತ್ತಿ ಇನ್ನೂ ಗಟ್ಟಿಯಾಗುತ್ತದೆ, ರೈಲು ಕಂಬಿಯ ಹಾಗೆ ಅನ್ನುವವರಿದ್ದಾರೆ. ಉಕ್ಕು ತೆಗೆದರೆ ಬಿಗಿ ಹೆಚ್ಚುವುದು ಹೇಗೆ? ಹೊಡೆತದ ದಿಕ್ಕಿನಲ್ಲಿ ಬಿಗಿ ಅಷ್ಟಾಗಿ ಕಳೆಯುವುದಿಲ್ಲ ಅನ್ನಬೇಕು. ಚಪ್ಪಟೆ ಕಡೆಗೆ ಬಗ್ಗಿಸಿದರೆ ಖಂಡಿತ ಕಡಿಮೆಯಾಗುತ್ತದೆ.

ಗ್ರೂವ್‌ನ ಕೊನೆ ಇನ್ನೊಂದು ಪರೀಕ್ಷೆ. ಹಿಡಿಯೊಳಗೆ ಹೋಗುವ ಬಾಲದ ತುದಿಯವರೆಗೂ ಗ್ರೂವ್ ಓಡಿಸಿದರೆ ಅದು ಕಾಕಿತೋಶಿ. ಉಪಕರಣ ಹೊರಗೆ ಜಾರಿಹೋಗುತ್ತದೆ, ಸುಲಭ. ದುಂಡಗೆ ನಿಲ್ಲಿಸಿದರೆ ಮಾರುದೋಮೆ. ಎಳೆಯುತ್ತಿರುವ ಕೈಯನ್ನು ಪ್ರತಿ ಸಲವೂ ಒಂದೇ ಬಿಂದುವಿನಲ್ಲಿ ತಡೆಯಬೇಕು, ಒಂದು ಸಲ ಮುಂದೆ ಜಾರಿದರೆ ಗೀರು ಕಾಯಂ. ನಾನಾದರೆ ಆ ಕೊನೆಯ ದುಂಡನ್ನು ಮೊದಲು ಉಳಿ, ಸುತ್ತಿಗೆಯಲ್ಲಿ ಮಾಡಿಟ್ಟು ಅದರಿಂದ ಈಚೆಗೆ ಎಳೆಯುತ್ತೇನೆ.

ಹೆರೆದಾದ ಮೇಲೆ ಗ್ರೂವ್‌ನ ಆಕಾರಕ್ಕೇ ತಿದ್ದಿದ ಕಲ್ಲಿನ ಚೂರಿನಿಂದ ಉಜ್ಜುವುದು, ಕೊನೆಗೆ ನುಣುಪಾದ ಗಡಸು ಉಕ್ಕಿನ ಕಡ್ಡಿಯಿಂದ ತೀಡಿ ಹೊಳಪು ಬರಿಸುವುದು. ಹೊಳಪು ಬಂದ ಮೇಲೆ ಅದನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಬೆಳಕಿನ ಗೆರೆ ನೋಡಿ. ಯಾವ ಗೇಜೂ ತೋರಿಸದ ಸೊಟ್ಟ ಅಲ್ಲಿ ಕಾಣುತ್ತದೆ. ನನ್ನ ಪಟ್ಟಿಯಲ್ಲಿ ಆ ಗೆರೆ ಎರಡು ಕಡೆ ನುಲಿಯುತ್ತದೆ, ಎರಡೂ ನಾನು ದಣಿದು ಕೈ ಬದಲಿಸಿದ ಜಾಗ.