ಅಫೀಮು ಯುದ್ಧಗಳು: ಬೆಳ್ಳಿ ಯಾರ ಕೈಯಿಂದ ಯಾರ ಕೈಗೆ?

ಬ್ರಿಟನ್ ಮತ್ತು ಚೀನಾ ನಡುವಣ ಮೊದಲ ಯುದ್ಧ 1839–42, ಎರಡನೆಯದು 1856–60. ಇಸವಿಗಳನ್ನು ನೆನಪಿಡುವುದು ಕಷ್ಟವಲ್ಲ. ತೊಡಕಿರುವುದು ಹಣದ ಲೆಕ್ಕದಲ್ಲಿ. ಚೀನಾದಲ್ಲಿ ಅಫೀಮಿಗೆ ನಿಷೇಧವಿತ್ತು. ಈಸ್ಟ್ ಇಂಡಿಯಾ ಕಂಪನಿ ಅದನ್ನು ಅಲ್ಲಿಗೆ ತಾನಾಗಿ ಸಾಗಿಸುತ್ತಲೂ ಇರಲಿಲ್ಲ. ಹಾಗಿದ್ದರೂ ಅದರ ಚಹಾ ಖರೀದಿಗೆ ಅಫೀಮಿನ ಹಣ ಒದಗಿದ್ದು ಹೇಗೆ?

ಒಂದು ಪೆಟ್ಟಿಗೆಯ ಬೆನ್ನು ಹತ್ತಿ ನೋಡೋಣ. ಬಿಹಾರ, ಬನಾರಸ್ ಸೀಮೆಯ ರೈತರಿಗೆ ಕಂಪನಿ ಮುಂಗಡ ಕೊಟ್ಟು ಗಸಗಸೆ ಬೆಳೆಸುತ್ತಿತ್ತು, ದರವನ್ನೂ ತಾನೇ ಕಟ್ಟುತ್ತಿತ್ತು. ಪಾಟ್ನಾದಲ್ಲಿ ಉಂಡೆ ಕಟ್ಟಿದ ಅಫೀಮನ್ನು ಪೆಟ್ಟಿಗೆಗೆ 40 ಉಂಡೆಗಳಂತೆ ತುಂಬಿ ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿದ್ದರು. ಕಂಪನಿಯ ಮೊದಲ ಲಾಭ ಇಲ್ಲೇ ಮುಗಿಯಿತು. ಮುಂದಿನ ಅಪಾಯವೆಲ್ಲ ಹರಾಜಿನಲ್ಲಿ ಕೊಂಡ ಖಾಸಗಿ ವರ್ತಕರದು. ಅವರು ಚೀನಾ ಕರಾವಳಿಯ ಲಿಂಟಿನ್ ದ್ವೀಪದ ಬಳಿ ಲಂಗರು ಹಾಕಿದ ಹಡಗುಗಳಿಂದ ಚೀನೀ ಕಳ್ಳಸಾಗಣೆದಾರರಿಗೆ ಮಾರಿ ಬೆಳ್ಳಿ ಪಡೆಯುತ್ತಿದ್ದರು.

ಈಗ ಬರುವ ಹೆಜ್ಜೆಯನ್ನು ನಿಧಾನವಾಗಿ ಓದಿ, ಇಡೀ ಪಾಠದ ಕೀಲಿ ಇದು. ವರ್ತಕ ಆ ಬೆಳ್ಳಿಯನ್ನು ಚೀನಾದ ಬಂದರು ಕ್ಯಾಂಟನ್‌ನಲ್ಲಿದ್ದ ಕಂಪನಿಯ ಖಜಾನೆಗೆ ಕಟ್ಟುತ್ತಿದ್ದ. ಬದಲಿಗೆ ಲಂಡನ್ನಿನಲ್ಲೋ ಕಲ್ಕತ್ತೆಯಲ್ಲೋ ನಗದಾಗುವ ಹುಂಡಿ (ಹಣ ಪಾವತಿಯ ಪತ್ರ) ಅವನ ಕೈ ಸೇರುತ್ತಿತ್ತು. ಕಂಪನಿ ಅದೇ ಬೆಳ್ಳಿಯನ್ನು ಅಲ್ಲೇ ಚಹಾ ವ್ಯಾಪಾರಿಗೆ ಕೊಡುತ್ತಿತ್ತು. ಇಂಗ್ಲೆಂಡಿನಿಂದ ಬೆಳ್ಳಿ ಹೊತ್ತು ತರುವ ತಾಪತ್ರಯ ತಪ್ಪಿತು, ಕಳ್ಳವ್ಯಾಪಾರದ ಹೆಸರೂ ಮೈಗೆ ಅಂಟಲಿಲ್ಲ. ಲೆಕ್ಕಪುಸ್ತಕದಲ್ಲಿ ಎಲ್ಲವೂ ಅಷ್ಟು ಶುಭ್ರವಾಗಿ ಕಾಣುತ್ತದೆ ಎಂಬುದೇ ನನ್ನನ್ನು ಹೆಚ್ಚು ಕೆರಳಿಸುವ ಸಂಗತಿ. 1834ರಲ್ಲಿ ಕಂಪನಿಯ ಚೀನಾ ಏಕಸ್ವಾಮ್ಯ ಕೊನೆಗೊಂಡ ಮೇಲೂ ಹರಾಜು ನಿಲ್ಲಲಿಲ್ಲ.

1839ರಲ್ಲಿ ಕ್ಯಾಂಟನ್‌ಗೆ ಬಂದ ಚೀನಾ ಚಕ್ರವರ್ತಿಯ ವಿಶೇಷಾಧಿಕಾರಿ ಲಿನ್ ಝೆಕ್ಸು 20,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ವಶಪಡಿಸಿಕೊಂಡು, ಹುಮೆನ್‌ನಲ್ಲಿ ತೋಡಿಸಿದ ಹೊಂಡಗಳಲ್ಲಿ ಉಪ್ಪು, ಸುಣ್ಣ ಬೆರೆಸಿ ಕರಗಿಸಿ ಸಮುದ್ರಕ್ಕೆ ಹರಿಯಬಿಟ್ಟ. ಅಷ್ಟರಲ್ಲಾಗಲೇ ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಎಲಿಯಟ್, ಸರ್ಕಾರವೇ ಪರಿಹಾರ ಕೊಡುವುದೆಂದು ವರ್ತಕರಿಗೆ ಮಾತು ಕೊಟ್ಟಿದ್ದ. ವರ್ತಕರ ನಷ್ಟ ಬ್ರಿಟಿಷ್ ಸರ್ಕಾರದ ತಲೆಗೆ ಬಂದದ್ದು ಹೀಗೆ.

ಮೊದಲ ಯುದ್ಧದಲ್ಲಿ ಚೀನಾ ಸೋತ ಮೇಲೆ ಆದ 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಬ್ರಿಟನ್ನಿಗೆ ಹೋಯಿತು, ಐದು ಬಂದರುಗಳು ತೆರೆದವು. ಚೀನಾ ತೆರಬೇಕಾದ 2.1 ಕೋಟಿ ಬೆಳ್ಳಿ ಡಾಲರ್‌ಗಳಲ್ಲಿ 60 ಲಕ್ಷ ನಾಶವಾದ ಅಫೀಮಿಗೇ. ಆದರೆ ಅಫೀಮು ವ್ಯಾಪಾರವನ್ನು ಸಕ್ರಮಗೊಳಿಸುವ ಷರತ್ತು ಅದರಲ್ಲಿಲ್ಲ. ಅದು ಎರಡನೇ ಯುದ್ಧದ ನಡುವೆ, 1858ರ ಸುಂಕದ ಒಪ್ಪಂದದಲ್ಲಿ ಬಂತು. ಪರೀಕ್ಷೆಯಲ್ಲಿ ಇವೆರಡನ್ನು ಕಲಸಬೇಡಿ.