ಜೀವಂತ ಮಣ್ಣು: ಮನೆಯೊಳಗಿನ ಕುಂಡದಲ್ಲಿ ಉಳುಮೆ ಇಲ್ಲದ ಬೇಸಾಯ

ಬ್ಯಾಕ್ಟೀರಿಯಾ, ಶಿಲೀಂಧ್ರ, ಎರೆಹುಳುಗಳಂಥ ಜೀವಿಗಳು ನೆಲೆ ನಿಂತು, ಹಾಕಿದ ಗೊಬ್ಬರ-ಹಿಂಡಿಯನ್ನು ಕರಗಿಸಿ ಬೇರಿಗೆ ಒದಗಿಸುವ ಮಣ್ಣಿಗೆ ಜೀವಂತ ಮಣ್ಣು ಎನ್ನುತ್ತಾರೆ. ಅದನ್ನು ಒಮ್ಮೆ ಕುಂಡಕ್ಕೆ ತುಂಬಿ, ಮತ್ತೆ ಕೆದಕದೆ, ಸುರಿದು ಬದಲಿಸದೆ ವರ್ಷಗಟ್ಟಲೆ ಗಿಡ ಬೆಳೆಸುವುದು ನೋ-ಟಿಲ್, ಅಂದರೆ ಉಳುಮೆ ಇಲ್ಲದ ಪದ್ಧತಿ.

ಕೆದಕಬಾರದು ಅನ್ನುವುದಕ್ಕೆ ಕಾರಣವಿದೆ. ಬೇರಿನೊಂದಿಗೆ ಬೆಳೆಯುವ ಮೈಕೊರೈಜಾ ಶಿಲೀಂಧ್ರದ ಎಳೆಗಳು ಕೂದಲಿಗಿಂತ ತೆಳು. ಬೇರು ಮುಟ್ಟದ ಕಡೆಯಿಂದ ರಂಜಕ, ನೀರು ತಂದುಕೊಟ್ಟು ಗಿಡದಿಂದ ಸಕ್ಕರೆ ಪಡೆಯುತ್ತವೆ. ಖುರಪಿ ಆಡಿಸಿದರೆ ಈ ಜಾಲ ಹರಿಯುತ್ತದೆ. ಮಣ್ಣಿನ ಕಣಗಳು ಕೂಡಿ ಕಟ್ಟಿಕೊಂಡ ಸಣ್ಣ ಉಂಡೆಗಳು ಒಡೆಯುತ್ತವೆ, ಸಾವಯವ ಅಂಶ ಬೇಗ ಕರಗಿ ಮುಗಿಯುತ್ತದೆ. ಕುಂಟೆ ಹೊಡೆದು ರೂಢಿಯಿರುವ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಕೈ ಕಟ್ಟಿ ಕೂರುವುದೇ ಕಷ್ಟದ ಕೆಲಸ.

ಮೊದಲಿಗೆ, ಹೊಲದ ಎರೆ (ಕಪ್ಪು) ಮಣ್ಣನ್ನು ಹಾಗೇ ಕುಂಡಕ್ಕೆ ತುಂಬಬೇಡಿ. ಹಸಿಯಾದಾಗ ಉಬ್ಬಿ ಗಾಳಿಯಾಡದಂತಾಗುತ್ತದೆ, ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಮಸಾರಿ (ಕೆಂಪು) ಮಣ್ಣು ವಾಸಿ, ಅದೂ ಸ್ವಲ್ಪವೇ ಸಾಕು. 30 ಲೀಟರ್ ಮಿಶ್ರಣಕ್ಕೆ ತೊಳೆದ ತೆಂಗಿನ ನಾರಿನ ಪುಡಿ 10 ಲೀಟರ್, ಎರೆಹುಳು ಗೊಬ್ಬರ 8, ಮಸಾರಿ 3, ಭತ್ತದ ಹೊಟ್ಟು 5, ಕಡಲೆ ಗಾತ್ರದ ಇಟ್ಟಿಗೆ ಚೂರು 4 ಲೀಟರ್ ಹಿಡಿಯಿರಿ. ಇದಕ್ಕೆ ಬೇವಿನ ಹಿಂಡಿ 120 ಗ್ರಾಂ, ಎಲುಬಿನ ಪುಡಿ 60 ಗ್ರಾಂ, ಜಿಪ್ಸಂ 60 ಗ್ರಾಂ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸುತ್ತ ಅಕ್ಕಿ ಗಿರಣಿಗಳಿಗೆ ಬರವಿಲ್ಲ, ಹೊಟ್ಟು ಸುಲಭವಾಗಿ ಸಿಗುತ್ತದೆ. ಆದರೆ ಗಿರಣಿ ಬಾಯ್ಲರಿನ ಬೂದಿ ಬೇರೆಯೇ ವಸ್ತು. ಅದು ಕ್ಷಾರ, ಬಳಸಬೇಡಿ.

ಇಂಥ ಮಿಶ್ರಣದ ಹೊರದೇಶದ ಪಟ್ಟಿಗಳಲ್ಲಿ ಸುಣ್ಣದ ಪುಡಿ ಸೇರಿಸಿ ಎಂದಿರುತ್ತದೆ. ಅಲ್ಲಿ ಬಳಸುವ ಪೀಟ್ (ಜೌಗು ನೆಲದ ಅರೆಕೊಳೆತ ಪಾಚಿ) ಹುಳಿ ಗುಣದ್ದು, ಅದನ್ನು ಸರಿದೂಗಿಸಲು ಸುಣ್ಣ ಬೇಕು. ನಾರಿನ ಪುಡಿಗೆ ಆ ಹುಳಿ ಇಲ್ಲ, ನಮ್ಮ ಬೋರ್ ನೀರಂತೂ ಗಡಸು. ಇದರ ಮೇಲೆ ಸುಣ್ಣವನ್ನೂ ಹಾಕಿದರೆ ಕಬ್ಬಿಣದ ಅಂಶ ಬೇರಿಗೆ ಸಿಗದೆ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ನಾರಿನ ಪುಡಿ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದರಿಂದ ಜಿಪ್ಸಂ ಬೇಕೇ ಬೇಕು. ಅದು ಕ್ಷಾರ ಏರಿಸದೆ ಕ್ಯಾಲ್ಸಿಯಂ ಕೊಡುತ್ತದೆ.

ಎಲ್ಲ ಕಲಸಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ಹಸಿ ಮಾಡಿ, ನೆರಳಲ್ಲಿ ಗೋಣಿಚೀಲ ಮುಚ್ಚಿ 3-4 ವಾರ ಬಿಡಿ. ವಾರಕ್ಕೊಮ್ಮೆ ತಿರುವಿ ಹಾಕಿ. ತಿರುವುವ ಕೆಲಸ ಇಲ್ಲಿಗೇ ಮುಗಿಯಿತು. ಆತುರಪಟ್ಟು ಮೊದಲೇ ಗಿಡ ನೆಟ್ಟರೆ ಹಿಂಡಿ ಕೊಳೆಯುವ ಬಿಸಿಗೂ ಅಮೋನಿಯಾಕ್ಕೂ ಬೇರಿನ ತುದಿ ಸುಡುತ್ತದೆ. ಘಾಟು ಹೋಗಿ ಮಿಶ್ರಣ ತಣ್ಣಗಾದ ಮೇಲೆ ತುಂಬಿ.

ಕುಂಡ 20 ಲೀಟರಿಗಿಂತ ಚಿಕ್ಕದಾದರೆ ಈ ಪದ್ಧತಿಯ ಹಂಬಲ ಬಿಡುವುದೇ ಒಳ್ಳೆಯದು. ಸಣ್ಣ ಕುಂಡ ಬೇಗ ಒಣಗುತ್ತದೆ, ಬೇರು ಸುತ್ತಿಕೊಂಡು ಮಣ್ಣಿಗೇ ಜಾಗ ಇರುವುದಿಲ್ಲ. ನೆಟ್ಟ ಮೇಲೆ ಕತ್ತರಿಸಿದ ಭತ್ತದ ಹುಲ್ಲನ್ನೋ ಒಣ ಬೇವಿನ ಎಲೆಯನ್ನೋ 3 ಸೆಂಟಿಮೀಟರ್ ಹೊದಿಸಿ, ಕಾಂಡದ ಸುತ್ತ ಎರಡು ಬೆರಳು ಜಾಗ ಬಿಡಿ. ಎರಡು-ಮೂರು ತಿಂಗಳಿಗೊಮ್ಮೆ ಹೊದಿಕೆ ಸರಿಸಿ ಎರೆಹುಳು ಗೊಬ್ಬರವನ್ನು 1 ಸೆಂಟಿಮೀಟರ್ ಹರಡಿ, ಮತ್ತೆ ಮುಚ್ಚಿ. ಒಳಗೆ ಒಯ್ಯುವ ಕೆಲಸ ಹುಳುಗಳದು.

ನಮ್ಮ ಕಡೆ ಈ ಮಣ್ಣು ಕೆಡುವುದು ಹೆಚ್ಚಾಗಿ ನೀರಿನಿಂದ. ಮನೆಯೊಳಗೆ ಮಳೆ ಬಿದ್ದು ಲವಣ ತೊಳೆದುಹೋಗುವುದಿಲ್ಲ. ಬೋರ್ ನೀರೇ ಹಾಕುತ್ತಾ ಹೋದರೆ ಕುಂಡದ ಅಂಚಿಗೆ ಬಿಳಿ ಪದರ ಕಟ್ಟುತ್ತದೆ, ಎಲೆ ತುದಿ ಕಂದು ತಿರುಗುತ್ತದೆ. ಏರ್ ಕೂಲರಿನ ತೊಟ್ಟಿಯ ನೀರು ಇನ್ನೂ ಕೆಟ್ಟದ್ದು. ನೀರು ಆವಿಯಾದಂತೆ ಲವಣ ಅಲ್ಲೇ ಉಳಿದು ದಟ್ಟವಾಗಿರುತ್ತದೆ. ಆರ್‌ಒ ಯಂತ್ರ ಹೊರಬಿಡುವ ನೀರೂ ಅಷ್ಟೇ. ಮಳೆ ನೀರು ಕೂಡಿಟ್ಟರೆ ಉತ್ತಮ, ಇಲ್ಲವಾದರೆ ಕಾಲುವೆ ನೀರು. ಕ್ಲೋರಿನ್ ಹಾಕಿದ ನಲ್ಲಿ ನೀರನ್ನು ಬಾಯಿ ತೆರೆದ ಬಕೆಟ್ಟಿನಲ್ಲಿ ರಾತ್ರಿಯಿಡೀ ಇಟ್ಟು ಬಳಸಿ. 20 ಲೀಟರ್ ಕುಂಡಕ್ಕೆ ಒಂದು ಸಲಕ್ಕೆ 1ರಿಂದ 1.5 ಲೀಟರ್ ಸಾಕು. ಬೆರಳು ಎರಡು ಗೆಣ್ಣು ಇಳಿಸಿ, ಹಸಿ ಆರಿದ್ದರೆ ಮಾತ್ರ ಹಾಕಿ. ಬೆಳಕು ಕಡಿಮೆಯಿರುವ ಮೂಲೆಯಲ್ಲಿ ಗಿಡ ನೀರು ಕುಡಿಯುವುದೇ ಕಡಿಮೆ. ಅಲ್ಲಿ ದಿನವೂ ಸುರಿದರೆ ಮೇಲ್ಮಣ್ಣಿನಲ್ಲಿ ಪುಟ್ಟ ಕಪ್ಪು ನೊಣಗಳು ಏಳುತ್ತವೆ. ಮೇಲಿನ ಮೂರ್ನಾಲ್ಕು ಸೆಂಟಿಮೀಟರ್ ಒಣಗಲು ಬಿಟ್ಟರೆ ಮರಿಹುಳು ಸಾಯುತ್ತವೆ. ಹಳದಿ ಅಂಟು ಕಾರ್ಡು ಹಾರುವವನ್ನು ಹಿಡಿಯುತ್ತದೆ.

ಗಿಡ ಬದಲಿಸುವಾಗ ಹಳೆಯದನ್ನು ಕಿತ್ತು ತೆಗೆಯಬೇಡಿ, ಬುಡಕ್ಕೆ ಸಮವಾಗಿ ಕತ್ತರಿಸಿ. ಬೇರು ಅಲ್ಲೇ ಕೊಳೆತು ಗಾಳಿ-ನೀರಿಗೆ ದಾರಿ ಬಿಡುತ್ತದೆ. ಹೊಸ ಸಸಿಗೆ ಅದರ ಬೇರುಮುದ್ದೆಯಷ್ಟೇ ಗುಳಿ ತೆಗೆದು ಪಕ್ಕದಲ್ಲಿ ನೆಡಿ. ಬೇರು ಕೊಳೆರೋಗದಿಂದ ಸತ್ತ ಗಿಡಕ್ಕೆ ಮಾತ್ರ ಈ ನಿಯಮ ಇಲ್ಲ. ಅದನ್ನು ಬೇರುಸಮೇತ, ಸುತ್ತಲ ಮಣ್ಣುಸಮೇತ ತೆಗೆದು ಹೊರಗೆ ಹಾಕಿ.