ಪ್ಯಾಕರ್ ಕಡೆ ಹೋದವರು ದೇಶದ ತಂಡ ಬಿಟ್ಟು ಓಡಿದರೇ?

ಐಪಿಎಲ್ ಹರಾಜಿನ ಸಮಯ ಬಂತು ಅಂದರೆ ಈ ಪ್ರಶ್ನೆಯೂ ಬರುತ್ತದೆ: "1977ರಲ್ಲಿ ಕೆರ್ರಿ ಪ್ಯಾಕರ್ ದುಡ್ಡು ತೋರಿಸಿದ ಕೂಡಲೇ ದೊಡ್ಡ ದೊಡ್ಡ ಆಟಗಾರರೆಲ್ಲ ದೇಶದ ತಂಡ ಬಿಟ್ಟು ಹೋದರಂತೆ, ಹೌದಾ?"

ದುಡ್ಡಿಗೆ ಸಹಿ ಹಾಕಿದ್ದು ನಿಜ. ದೇಶದ ತಂಡ ಬಿಟ್ಟರು ಅನ್ನುವುದು ಸುಳ್ಳು. ಎಷ್ಟು ಸಲ ಹೇಳಿದರೂ ಈ ಮಾತು ಸಾಯುತ್ತಿಲ್ಲ. ಅದಕ್ಕೇ ಈ ಸಲ ತಾರೀಖಿನ ಸಮೇತ ಹೇಳುತ್ತೇನೆ.

ಹಿನ್ನೆಲೆ ಚಿಕ್ಕದು. ಆಸ್ಟ್ರೇಲಿಯಾದ ಟಿವಿ ಮಾಲೀಕ ಪ್ಯಾಕರ್‌ಗೆ ಬೇಕಿದ್ದದ್ದು ತಮ್ಮ ಚಾನೆಲ್ ನೈನ್‌ಗೆ ಆಸ್ಟ್ರೇಲಿಯಾದ ಕ್ರಿಕೆಟ್ ಪ್ರಸಾರದ ಹಕ್ಕು. 1976ರಲ್ಲಿ ಮೂರು ವರ್ಷಕ್ಕೆ 15 ಲಕ್ಷ ಡಾಲರ್ ಕೊಡುತ್ತೇನೆ ಅಂದರು. ಆಸ್ಟ್ರೇಲಿಯಾ ಕ್ರಿಕೆಟ್ ಬೋರ್ಡ್ ಮಾತ್ರ ತುಂಬಾ ಕಡಿಮೆ ಕೊಡುತ್ತಿದ್ದ ಸರ್ಕಾರಿ ವಾಹಿನಿ ಎಬಿಸಿಗೇ ಹಕ್ಕು ಕೊಟ್ಟಿತು. ಆಗ ಪ್ಯಾಕರ್ ಬೋರ್ಡುಗಳನ್ನು ಬಿಟ್ಟು ತಾವೇ ಪಂದ್ಯ ನಡೆಸಲು ಗುಟ್ಟಾಗಿ ಆಟಗಾರರನ್ನೇ ಒಪ್ಪಿಸಿಕೊಂಡರು.

ಸುದ್ದಿ ಹೊರಬಿದ್ದದ್ದು 1977ರ ಮೇನಲ್ಲಿ. ಆಗ ಇಂಗ್ಲೆಂಡ್ ಪ್ರವಾಸಕ್ಕೆ ಹೋಗಿದ್ದ ಆಸ್ಟ್ರೇಲಿಯಾದ 17 ಮಂದಿಯಲ್ಲಿ 13 ಮಂದಿ ಪ್ಯಾಕರ್‌ಗೆ ಸಹಿ ಹಾಕಿದ್ದರು. ಆದರೂ ಅವರು ಆ ಆಶಸ್ ಸರಣಿ ಆಡಿದರು. ಆ ಕಡೆ ಪ್ಯಾಕರ್ ಜೊತೆ ಸೇರಿದ್ದ ಇಂಗ್ಲೆಂಡ್ ನಾಯಕ ಟೋನಿ ಗ್ರೆಗ್ ಅವರ ನಾಯಕತ್ವ ಕಿತ್ತುಕೊಂಡರು. ಅವರೂ ಹೊಸ ನಾಯಕ ಬ್ರಿಯರ್ಲಿ ಕೈಕೆಳಗೆ ಐದೂ ಟೆಸ್ಟ್ ಆಡಿದರು. ಓಡಿಹೋಗುವವರು ಹೀಗೆ ಆಡ್ತಾರಾ?

ಬಾಗಿಲು ಹಾಕಿದ್ದು ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆ ಐಸಿಸಿ. 1977ರ ಅಕ್ಟೋಬರ್ 1ರ ನಂತರ ಪ್ಯಾಕರ್ ಪಂದ್ಯ ಆಡುವವರಿಗೆ ಟೆಸ್ಟ್ ಇಲ್ಲ ಎಂದು ಜುಲೈನಲ್ಲಿ ಹೇಳಿತು. ಪ್ಯಾಕರ್ ಆಟಗಾರರಾದ ಗ್ರೆಗ್, ಸ್ನೋ, ಪ್ರಾಕ್ಟರ್ ಲಂಡನ್ ಹೈಕೋರ್ಟಿಗೆ ಹೋದರು. ದುಡಿಯುವ ಹಕ್ಕಿಗೆ ಅಡ್ಡಿಪಡಿಸುವ ಈ ನಿಷೇಧ ಕಾನೂನಿಗೆ ವಿರುದ್ಧ ಎಂದು ನ್ಯಾಯಮೂರ್ತಿ ಸ್ಲೇಡ್ ನವೆಂಬರ್ 25ರಂದು ತೀರ್ಪು ಕೊಟ್ಟರು.

ಆಸ್ಟ್ರೇಲಿಯಾದವರಿಗೆ ತವರಿನ ಬೇಸಿಗೆಯಲ್ಲಿ ಎರಡೂ ಕಡೆಯ ಪಂದ್ಯಗಳು ಒಟ್ಟಿಗೆ ಬರುತ್ತಿದ್ದವು, ಅದನ್ನು ಒಪ್ಪುತ್ತೇನೆ. ಆದರೆ ಪ್ಯಾಕರ್ ಸೇರಿದ್ದ ಇಂಗ್ಲೆಂಡಿನ ನಾಟ್, ಅಂಡರ್‌ವುಡ್ ಜೂನ್-ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಆಡುವುದಕ್ಕೆ ಏನು ಅಡ್ಡಿ ಇತ್ತು? ಬೋರ್ಡಿನ ಹಟ ಒಂದೇ.

ಬೇಕಾದಾಗ ಬೋರ್ಡುಗಳು ಹಟ ಬಿಟ್ಟದ್ದೂ ಉಂಟು. 1978ರಲ್ಲಿ ಆಸ್ಟ್ರೇಲಿಯಾ ವೆಸ್ಟ್ ಇಂಡೀಸ್‌ಗೆ ಹೋದಾಗ ಮೊದಲ ಎರಡು ಟೆಸ್ಟ್‌ಗಳನ್ನು ಕ್ಲೈವ್ ಲಾಯ್ಡ್ ಅವರ ಪ್ಯಾಕರ್ ಆಟಗಾರರೇ ಆಡಿ ಗೆದ್ದರು. ಮೂರನೆಯದಕ್ಕೆ ಬೋರ್ಡ್ ಕೆಲವರನ್ನು ಕೈಬಿಟ್ಟಿತು. ಲಾಯ್ಡ್ ನಾಯಕತ್ವ ಬಿಟ್ಟರು, ಉಳಿದ ಪ್ಯಾಕರ್ ಆಟಗಾರರೂ ಹೊರಬಂದರು. ಪಾಕಿಸ್ತಾನ ಇಂಗ್ಲೆಂಡ್ ವಿರುದ್ಧ ತನ್ನ ಪ್ಯಾಕರ್ ಆಟಗಾರರನ್ನು ಹೊರಗಿಟ್ಟಿತ್ತು. ಅದೇ ವರ್ಷ ಭಾರತ ಬರುತ್ತದೆ ಅಂದಾಗ ಇಮ್ರಾನ್, ಜಹೀರ್ ಅಬ್ಬಾಸ್, ಮುಷ್ತಾಕ್ ಎಲ್ಲರನ್ನೂ ವಾಪಸ್ ಕರೆಯಿತು. ಜಹೀರ್ ಮೂರೇ ಟೆಸ್ಟ್‌ನಲ್ಲಿ 583 ರನ್ ಹೊಡೆದರು. ದೇಶ ಬಿಟ್ಟು ಓಡಿದವರನ್ನು ಯಾರಾದರೂ ಹೀಗೆ ಕರೆಸಿಕೊಳ್ಳುತ್ತಾರಾ, ಹೇಳಿ.

1979ರ ಮೇನಲ್ಲಿ ಆಸ್ಟ್ರೇಲಿಯಾ ಬೋರ್ಡ್ ಚಾನೆಲ್ ನೈನ್‌ಗೇ ಪ್ರಸಾರದ ಹಕ್ಕು ಕೊಟ್ಟಿತು. ಜಗಳ ಮುಗಿಯಿತು.

ಇಲ್ಲಿಗೆ ಬಂದಾಗ ಇನ್ನೊಂದು ವಿಷಯ ಹೇಳದೆ ಇರಲಾರೆ. 1977-78ರಲ್ಲಿ ಆಸ್ಟ್ರೇಲಿಯಾದಲ್ಲಿ ಭಾರತ ಗೆದ್ದ ಪಂದ್ಯಗಳನ್ನು "ಅದು ಬಿ ಟೀಮ್ ಎದುರು" ಎಂದು ತಳ್ಳಿಹಾಕುವವರು ಜಾಸ್ತಿ. ಪ್ಯಾಕರ್ ಆಟಗಾರರಿಲ್ಲದೆ ಆಸ್ಟ್ರೇಲಿಯಾ ತಂಡ ಸೊರಗಿತ್ತು, ಸರಿ. ಹತ್ತು ವರ್ಷದಿಂದ ಟೆಸ್ಟ್ ಆಡದಿದ್ದ 41ರ ಬಾಬ್ ಸಿಂಪ್ಸನ್ ಅವರನ್ನು ಕರೆತಂದು ನಾಯಕ ಮಾಡಿದ್ದರು. ಆದರೆ ಆ ಸಿಂಪ್ಸನ್ ನಮ್ಮ ಎದುರು ಎರಡು ಶತಕ ಹೊಡೆದರು. ರೇಡಿಯೋ ಕಂಪನಿಯೊಂದರ ಒಪ್ಪಂದದಿಂದಾಗಿ ಪ್ಯಾಕರ್ ಕಡೆಯಿಂದ ವಾಪಸಾಗಿದ್ದ ಜೆಫ್ ಥಾಮ್ಸನ್ ಐದೂ ಟೆಸ್ಟ್ ಆಡಿದರು. ಬ್ರಿಸ್ಬೇನ್‌ನಲ್ಲಿ 16 ರನ್‌ಗಳಿಂದ, ಪರ್ತ್‌ನಲ್ಲಿ 2 ವಿಕೆಟ್‌ಗಳಿಂದ ಸೋತವರು ನಾವು. ಕೊನೆಗೆ ಸರಣಿಯನ್ನೂ 3-2ರಲ್ಲಿ ಸೋತೆವು.

ಆ ಎರಡು ಸೋಲಿನ ಬೆನ್ನಿಗೇ ಮೆಲ್ಬರ್ನ್‌ನಲ್ಲಿ ಬಿ.ಎಸ್. ಚಂದ್ರಶೇಖರ್ ಬಂದರು. ಮೊದಲ ಇನ್ನಿಂಗ್ಸ್‌ನಲ್ಲಿ 52 ರನ್‌ಗೆ 6 ವಿಕೆಟ್, ಎರಡನೆಯದರಲ್ಲೂ 52 ರನ್‌ಗೆ 6. ಭಾರತ 222 ರನ್‌ಗಳಿಂದ ಗೆದ್ದಿತು. ಆಸ್ಟ್ರೇಲಿಯಾ ನೆಲದಲ್ಲಿ ಅದು ನಮ್ಮ ಮೊದಲ ಟೆಸ್ಟ್ ಗೆಲುವು. ಅದಕ್ಕೆ ಪ್ಯಾಕರ್ ಹೆಸರಿನ ಅಡಿಟಿಪ್ಪಣಿ ಹಚ್ಚುವುದನ್ನು ನಾನಂತೂ ಒಪ್ಪುವುದಿಲ್ಲ.